ಕರ್ನಾಟಕದಲ್ಲಿ ಯುರೋಪಿನ ಚಿತ್ರಕಲಾ ತಂತ್ರಗಳು

18ನೆಯ ಶತಮಾನದ ಕೊನೆಯ ದಶಕದಿಂದ ಮೊದಲುಗೊಂಡು ಕರ್ನಾಟಕಕ್ಕೆ ಬಂದ ತೈಲವರ್ಣ, ಜಲವರ್ಣದ ನಿಸರ್ಗಚಿತ್ರ, ಹಸಿಗಾರೆಯ ಮೇಲಿನ ಫ್ರೆಸ್ಕೊ ಮತ್ತು ಇಂಪ್ರೆಷನಿಸ್ಟರ ಬಣ್ಣಗಾರಿಕೆ ಇಲ್ಲಿ ಬೇರುಬಿಟ್ಟ, ಕೆಲವೊಮ್ಮೆ ಬೇರುಬಿಡದೆ ಉಳಿದ ಇತಿಹಾಸವು ಈ ಲೇಖನದ ವಸ್ತು. ಯುರೋಪಿನ ಕಲೆ ಕನ್ನಡ ನಾಡಿಗೆ ಪಂಥಗಳ ರೂಪದಲ್ಲಿ ಬಂದದ್ದಕ್ಕಿಂತ ಹೆಚ್ಚಾಗಿ ಸಾಮಗ್ರಿಗಳ ರೂಪದಲ್ಲಿ ಬಂದಿತು. ಯಾವ ಸಾಮಗ್ರಿಗೆ ಇಲ್ಲಿ ಕೆಲಸವಿತ್ತೋ ಅದು ಉಳಿಯಿತು.

ಮೊದಲ ಸಂಪರ್ಕ ಯುದ್ಧದ ಮೂಲಕ ಒದಗಿತು. 1791ರ ಮಾರ್ಚ್‌ನಲ್ಲಿ, ಟಿಪ್ಪು ಸುಲ್ತಾನನ ಮೇಲಿನ ಯುದ್ಧದಲ್ಲಿ, ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಕೋಲಾರ, ಹೊಸಕೋಟೆಗಳನ್ನು ಹಿಡಿದು, ಪೂರ್ವ ದಿಕ್ಕಿನಿಂದ ಬೆಂಗಳೂರಿನ ಮೇಲೆ ಬಂದಿತು. ಈ ದಂಡಯಾತ್ರೆಯ ಚಿತ್ರಕಾರನಾಗಿದ್ದ ರಾಬರ್ಟ್ ಹೋಮ್, ಬೆಂಗಳೂರು ಪೇಟೆಯ ಬಾಗಿಲಿನ ಕಾಳಗದಲ್ಲಿ ಸತ್ತ ಕರ್ನಲ್ ಮೂರ್‌ಹೌಸನ ಕೊನೆಯ ಗಳಿಗೆಯನ್ನು ದೊಡ್ಡ ತೈಲಚಿತ್ರವಾಗಿ ಬರೆದನು. ಸಾಯುತ್ತಿರುವ ಸೇನಾನಿ ನಡುವೆ ಒರಗಿ, ಸುತ್ತಲಿನವರು ಬಾಗಿ ನಿಂತು, ಬೆಳಕೆಲ್ಲ ಅವನ ಮೇಲೆ ಬೀಳುವ ಈ ಜೋಡಣೆ, ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಚಿತ್ರಗಳಿಂದ ಹೊರಟು 1770ರಲ್ಲಿ ಬೆಂಜಮಿನ್ ವೆಸ್ಟ್ ಬರೆದ ಜನರಲ್ ವುಲ್ಫನ ಸಾವಿನ ಚಿತ್ರದ ಮೂಲಕ ಯುದ್ಧಚಿತ್ರಗಳಿಗೆ ಮಾದರಿಯಾಗಿತ್ತು. ಇದೇ ಕಾಲದ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯಲ್ಲಿ, ಬ್ರಿಟಿಷರು ಸೋತ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಅಲ್ಲಿ ಹತ್ತಿರದವನು ದೊಡ್ಡವನಾಗಿ, ದೂರದವನು ಚಿಕ್ಕವನಾಗಿ ಕಾಣಬೇಕೆಂಬ ಪರ್ಸ್ಪೆಕ್ಟಿವ್ ನಿಯಮವಿಲ್ಲ. ಕುದುರೆ, ಆನೆ, ಸಿಪಾಯಿಗಳ ಸಾಲುಗಳು ಒಂದರ ಮೇಲೊಂದು ಏರಿ ಇಡೀ ರಣರಂಗ ಒಂದೇ ನೋಟಕ್ಕೆ ತೆರೆದುಕೊಳ್ಳುತ್ತದೆ. ಸೋಲು ಗೆಲುವಿನ ವಿಷಯದಲ್ಲಿ ಮಾತ್ರವಲ್ಲ, ಕಣ್ಣಿನ ವಿಷಯದಲ್ಲೂ ಈ ಎರಡು ಚಿತ್ರಗಳು ಎದುರಾಳಿಗಳೇ.

1792ರಲ್ಲಿ ದಕ್ಷಿಣದಲ್ಲಿ ಸಂಚರಿಸಿದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ತಮ್ಮ ನಿಸರ್ಗಚಿತ್ರಗಳನ್ನು ಅಕ್ವಾಟಿಂಟ್ ವಿಧಾನದಲ್ಲಿ ಮುದ್ರಿಸಿದರು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಹರಡಿ ಕಾಯಿಸಿ, ಆಮ್ಲದಲ್ಲಿ ಹಂತಹಂತವಾಗಿ ಕೊರೆಯಿಸಿದಾಗ ಗೆರೆಯ ಬದಲು ಬೂದುಬಣ್ಣದ ಮೆಲುವಾದ ಛಾಯೆಗಳು ಅಚ್ಚಿನಲ್ಲಿ ಮೂಡುವ ಈ ವಿಧಾನ ಬೆಟ್ಟದ ಕೋಟೆಗಳಿಗೆ ಹೇಳಿಮಾಡಿಸಿದಂತಿತ್ತು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಐರ್ಲೆಂಡಿನ ಥಾಮಸ್ ಹಿಕಿ ಟಿಪ್ಪುವಿನ ಮಕ್ಕಳ, ದಿವಾನ್ ಪೂರ್ಣಯ್ಯನವರ ಭಾವಚಿತ್ರಗಳನ್ನು ಬರೆದನು. ಸುಮಾರು 1805ರ ಅವನ ಒಂದು ತೈಲಚಿತ್ರದಲ್ಲಿರುವ ಮೂವರು ಸ್ತ್ರೀಯರು ಮೈಸೂರಿನ ರಾಣಿವಾಸದವರೆಂದೂ, ಅವರಲ್ಲೊಬ್ಬರು ಸೆರಗು ಸರಿಸಿ ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವ್ಯಾಖ್ಯಾನಿಸಿದ್ದಾರೆ.

ಆದರೆ ಇವೆಲ್ಲ ಬಂದುಹೋದವರ ಕೆಲಸ. ಮೈಸೂರಿನ ಚಿತ್ರಗಾರರು ಆಗಲೂ ಹಲಗೆಗೆ ಅಂಟಿಸಿದ ಕಾಗದ ಅಥವಾ ಬಟ್ಟೆಯ ಮೇಲೆ ಬರೆದು, ಸಫೇದ ಮತ್ತು ಗೋಂದು ಕಲಸಿದ ಲೇಪದಿಂದ ಆಭರಣಗಳನ್ನು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ಚಿನ್ನವೇ ಬೆಳಕು ಕೊಡುವ ಆ ಪದ್ಧತಿಯಲ್ಲಿ ಮುಖದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು ಹಾಕುವ ಅಗತ್ಯವೇ ಬರುತ್ತಿರಲಿಲ್ಲ. ಅರಸರಿಗೆ ತಮ್ಮ ಮುಖದ ಹೋಲಿಕೆ ಬೇಕಾದಾಗಲೇ ತೈಲವರ್ಣಕ್ಕೆ ಇಲ್ಲಿ ಕೆಲಸ ಹುಟ್ಟಿದ್ದು. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ಬೇಗ ಒಣಗುವುದಿಲ್ಲವಾದ್ದರಿಂದ ಒಂದು ಬಣ್ಣವನ್ನು ಇನ್ನೊಂದರೊಳಗೆ ಎಳೆದು ಕೆನ್ನೆಯ ದುಂಡುತನ ತರಬಹುದು. ಒಣಗಿದ ಪದರದ ಮೇಲೆ ತೆಳುವಾದ ಪಾರದರ್ಶಕ ಲೇಪ, ಅಂದರೆ ಗ್ಲೇಜ್, ಹಾಯಿಸಿದರೆ ಒಳಗಿನಿಂದ ಬೆಳಕು ಬಂದಂತೆ ರೇಷ್ಮೆ, ಮುತ್ತು, ಚರ್ಮ ಹೊಳೆಯುತ್ತವೆ. 15ನೆಯ ಶತಮಾನದಲ್ಲಿ ಯಾನ್ ವ್ಯಾನ್ ಐಕ್ ಪರಿಪೂರ್ಣತೆಗೆ ಮುಟ್ಟಿಸಿದ, 17ನೆಯ ಶತಮಾನದಲ್ಲಿ ರೆಂಬ್ರಾಂಟ್ ದಟ್ಟ ನೆರಳಿನ ನಡುವೆ ಮುಖಗಳನ್ನು ಬೆಳಗಿಸಲು ಬಳಸಿದ ತಂತ್ರಗಳು ಇವು.

ಇದನ್ನು ಮೈಸೂರಿನಲ್ಲಿ ಮಾದರಿಯಾಗಿ ನಿಲ್ಲಿಸಿದವರು ರಾಜಾ ರವಿವರ್ಮ. ತಿರುವಾಂಕೂರಿನ ಆಸ್ಥಾನಕ್ಕೆ 1868ರಲ್ಲಿ ಬಂದಿದ್ದ ಯುರೋಪಿನ ಚಿತ್ರಕಾರ ಥಿಯೋಡರ್ ಜೆನ್ಸನ್ ಅವರಿಗೆ ಪಾಠ ಹೇಳಿಕೊಡಲಿಲ್ಲ, ಕೆಲಸ ಮಾಡುವುದನ್ನು ನೋಡಲು ಮಾತ್ರ ಬಿಟ್ಟನೆಂಬುದು ಪ್ರಸಿದ್ಧ. ನಾಲ್ವಡಿ ಕೃಷ್ಣರಾಜ ಒಡೆಯರ ಅಪೇಕ್ಷೆಯಂತೆ ರವಿವರ್ಮರು ತಮ್ಮ ಕೊನೆಯ ವರ್ಷಗಳಲ್ಲಿ ಒಂಬತ್ತು ಪೌರಾಣಿಕ ಚಿತ್ರಗಳನ್ನು ಕೈಗೆತ್ತಿಕೊಂಡರು. 1906ರ ಅಕ್ಟೋಬರ್ 2ರಂದು ತೀರಿಕೊಂಡರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅವರ ಕೃತಿಗಳನ್ನು ಇಂದಿಗೂ ನೋಡಬಹುದು. ದೇವತೆಗಳಿಗೆ ಯುರೋಪಿನ ರಂಗಭೂಮಿಯ ಹಾವಭಾವ ಬಂದಿತೆಂದು ಆಮೇಲಿನ ವಿಮರ್ಶಕರು ಆಕ್ಷೇಪಿಸಿದರೂ, ಪೂಜೆಯ ಕೋಣೆಯ ದೇವರಿಗೆ ಮೈತೂಕ ಮತ್ತು ನೆರಳು ಕೊಟ್ಟದ್ದು ಅವರ ಅಚ್ಚುಚಿತ್ರಗಳೇ.

ಅದೇ 1906ರಲ್ಲಿ, ಚಿತ್ರಕಲೆಯನ್ನೂ ಕಲಿಸುತ್ತಿದ್ದ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿದ್ದಿತು. ಮೈಸೂರಿನ ಆಸ್ಥಾನ ಕಲಾವಿದರ ತೈಲವರ್ಣ ಕೌಶಲ ಒಟ್ಟಾಗಿ ಕಾಣುವುದು ಅರಮನೆಯ ಕಲ್ಯಾಣ ಮಂಟಪದಲ್ಲಿ. ಅಲ್ಲಿಯ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಫಲಕಗಳಿವೆ. 1934ರಿಂದ 1945ರ ನಡುವೆ ಮೈಸೂರಿನ ಕಲಾವಿದರು ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಕ್ಯಾನ್ವಾಸಿನ ಮೇಲೆ ಬರೆದವು. ಒಬ್ಬೊಬ್ಬ ಅಧಿಕಾರಿಯ ಪೇಟ, ಮೀಸೆ, ಪದಕಗಳನ್ನು ಬೇರೆಬೇರೆಯಾಗಿ ಗುರುತಿಸಬಹುದಾದ ಈ ಫಲಕಗಳ ಮುಂದೆ, ಯಾವ ಬದಿಯಿಂದ ನೋಡಿದರೂ ಮೆರವಣಿಗೆ ನೋಡುವವರ ಕಡೆಗೇ ತಿರುಗಿ ಬರುವಂತೆ ಕಾಣುವುದನ್ನು ಮಾರ್ಗದರ್ಶಿಗಳು ಪ್ರವಾಸಿಗರಿಗೆ ತೋರಿಸುತ್ತಾರೆ. ಅದರಲ್ಲಿ ಮಂತ್ರವೇನೂ ಇಲ್ಲ. ನೇರ ಎದುರಿನಿಂದ ಕಂಡಂತೆ ಬರೆದ ವಸ್ತು ಚಪ್ಪಟೆ ಗೋಡೆಯ ಮೇಲಿರುವುದರಿಂದ, ನೋಡುಗ ಪಕ್ಕಕ್ಕೆ ಸರಿದರೂ ಅದರ ಪಕ್ಕದ ಮೈ ಕಾಣಿಸಿಕೊಳ್ಳುವುದಿಲ್ಲ; ಹಾಗಾಗಿ ಅದು ತನ್ನ ಕಡೆಗೇ ತಿರುಗಿದೆಯೆಂದು ಕಣ್ಣು ಭಾವಿಸುತ್ತದೆ.

ಯುರೋಪಿನ ಅತಿ ಕಠಿಣವಾದ ತಂತ್ರ ಮಾತ್ರ ಕಡಲತೀರಕ್ಕೆ ಬಂದಿತು. 1854ರಲ್ಲಿ ಇಟಲಿಯ ಬೆರ್ಗಮೊ ಬಳಿಯ ಸ್ಟೆಜ್ಜಾನೊದಲ್ಲಿ ಹುಟ್ಟಿ, ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಕಲಿತು, 1889ರಲ್ಲಿ ಜೆಸ್ವಿಟ್ ಸಂಘ ಸೇರಿದ ಬ್ರದರ್ ಆಂಟೋನಿಯೊ ಮೊಸ್ಕೇನಿ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಒಳಗನ್ನು 1899ರಿಂದ 1901ರ ಅವಧಿಯಲ್ಲಿ ಚಿತ್ರಗಳಿಂದ ತುಂಬಿದನು. ಗೋಡೆಗಳಲ್ಲಿ ಫ್ರೆಸ್ಕೊ, ಛಾವಣಿಯ ಹಲವು ದೃಶ್ಯಗಳು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿವೆ. ಫ್ರೆಸ್ಕೊದಲ್ಲಿ ಸುಣ್ಣ ಮರಳಿನ ಗಾರೆಯನ್ನು ಒಂದು ದಿನಕ್ಕೆ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವಾಗ ಬಣ್ಣದ ಕಣಗಳು ಅದರೊಳಗೆ ಬಂಧಿಯಾಗುತ್ತವೆ; ಅಂಟಿನ ಅಗತ್ಯವಿಲ್ಲ, ಬಣ್ಣ ಸುಲಭವಾಗಿ ಸುಲಿದುಹೋಗುವುದಿಲ್ಲ. ಆದರೆ ತಪ್ಪಿದರೆ ತಿದ್ದುವಂತಿಲ್ಲ, ಆ ಭಾಗದ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಒದ್ದೆಯಲ್ಲಿ ಗಾಢವಾಗಿ ಕಾಣುವ ಬಣ್ಣ ಒಣಗಿದ ಮೇಲೆ ಎಷ್ಟು ತಿಳಿಯಾಗುವುದೆಂಬ ಅಂದಾಜೂ ಕೈಗೆ ಇರಬೇಕು. ಮಿಕೆಲಾಂಜೆಲೊ ಸಿಸ್ಟೀನ್ ಚಾಪೆಲ್‌ನ ಛಾವಣಿಗೆ ಬಳಸಿದ್ದು ಇದೇ ವಿಧಾನ.

ಚಾಪೆಲ್‌ನಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಬಾಳಿನ ಪ್ರಸಂಗಗಳಿವೆ. ಅವುಗಳಲ್ಲಿ ಅವನು ರೋಮಿನಲ್ಲಿ ಪ್ಲೇಗ್ ಪೀಡಿತರ ಶುಶ್ರೂಷೆ ಮಾಡುವ ದೃಶ್ಯ ಮುಖ್ಯವಾದದ್ದು, ಏಕೆಂದರೆ 1591ರಲ್ಲಿ ಅವನ ಸಾವಿಗೆ ಕಾರಣವಾದದ್ದು ಆ ಸೇವೆಯೇ. ದೃಶ್ಯಗಳ ನಡುವಿನ ಚಿತ್ತಾರಗಳಲ್ಲಿ ನೆರಳನ್ನು ಲೆಕ್ಕಹಾಕಿ ಹಾಕಿರುವುದರಿಂದ, ಬರೆದ ಉಬ್ಬುಗೆಲಸ ನಿಜವಾದ ಕೆತ್ತನೆಯಂತೆಯೇ ಕಾಣುತ್ತದೆ. ಕಣ್ಣನ್ನು ವಂಚಿಸುವ ಈ ಕೌಶಲಕ್ಕೆ ಜೆಸ್ವಿಟ್ ಸಂಘದಲ್ಲೇ ಹಳೆಯ ಪರಂಪರೆಯಿತ್ತು. 17ನೆಯ ಶತಮಾನದ ಕೊನೆಯಲ್ಲಿ ರೋಮಿನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ ಇಲ್ಲದ ಗುಮ್ಮಟವನ್ನು ಬಣ್ಣದಲ್ಲೇ ಎಬ್ಬಿಸಿದ ಆಂದ್ರೆಯಾ ಪೊಜ್ಜೊ ಕೂಡ ಮೊಸ್ಕೇನಿಯಂತೆ ಪಾದ್ರಿಯಾಗದೆ ಬ್ರದರ್ ಆಗಿಯೇ ಉಳಿದವನು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಕರಾವಳಿಯ ಮಳೆಗಾಲದ ಥಂಡಿಗೆ ಮಾಸಿದ್ದ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ತಜ್ಞರು ಶುದ್ಧಗೊಳಿಸಿದರು.

ಇಷ್ಟು ದೊಡ್ಡ ಮಾದರಿ ಕಣ್ಣೆದುರಿಗಿದ್ದರೂ ಫ್ರೆಸ್ಕೊ ಕನ್ನಡ ಕಲಾವಿದರ ಕೈಗೆ ದಾಟಲಿಲ್ಲವೆಂದೇ ಹೇಳಬೇಕು. ಹಸಿ ಸುಣ್ಣದ ಕೆಲಸ ಈ ತೀರಕ್ಕೆ ಹೊಸದಾಗಿರಲಿಲ್ಲ: ಉತ್ತರ ಕನ್ನಡದ ದೇವಾಲಯಗಳ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಾಕಿ, ಹಸಿಯಿರುವಾಗಲೇ ಕೆರೆದು ಬಿಳಿಯ ಚಿತ್ತಾರ ತೆಗೆಯಲಾಗುತ್ತಿತ್ತು. ಕೊರತೆಯಿದ್ದದ್ದು ಕೈಗಲ್ಲ, ಗೋಡೆ ಕೊಡುವ ಒಡೆಯನಿಗೆ. ತೈಲಚಿತ್ರವನ್ನು ಮನೆಯಲ್ಲಿ ಬರೆದು ಅರಮನೆಗೆ ಒಯ್ಯಬಹುದು, ಫ್ರೆಸ್ಕೊವನ್ನು ಒಯ್ಯಲಾಗದು.

ಈ ನಡುವೆ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರು ತೈಲವರ್ಣವನ್ನೇ ಬದಿಗಿಟ್ಟರು. ಅರಸರ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದ ಅವರು, ಬಣ್ಣ ಹಚ್ಚಿದ ಕಾಗದವನ್ನು ನೀರಿನಿಂದ ತೋಯಿಸಿ ಮತ್ತೆಮತ್ತೆ ತೆಳುಪದರ ಕೊಡುವ ವಾಶ್ ಪದ್ಧತಿಯನ್ನು ಕಲಿತರು. ಯುರೋಪಿನ ಅಕಾಡೆಮಿಗಳಿಗೆ ಎದುರಾಗಿ, ಜಪಾನಿನ ಪ್ರೇರಣೆಯಿಂದ ಬೆಳೆದ ಪದ್ಧತಿ ಇದು. ಆದರೂ ಅವರ ಉದಕಮಂಡಲ, ಕೊಡೈಕನಾಲ್ ಚಿತ್ರಗಳ ಮಂಜು, ಮುಂಜಾವಿನ ಬೆಳಕು, ದೂರದ ಬೆಟ್ಟದ ನೀಲಿ ಇಂಗ್ಲಿಷ್ ಜಲವರ್ಣ ಪರಂಪರೆಗೆ ಅವರು ಒಪ್ಪಿಕೊಳ್ಳುತ್ತಿದ್ದುದಕ್ಕಿಂತ ಹತ್ತಿರವಾಗಿವೆ.

ಪ್ಯಾರಿಸಿನ ಇಂಪ್ರೆಷನಿಸ್ಟರು 1874ರ ತಮ್ಮ ಮೊದಲ ಪ್ರದರ್ಶನದ ಹೊತ್ತಿಗೆ ಬಯಲಿನಲ್ಲೇ ನಿಂತು ಬರೆಯುವುದನ್ನೂ, ಬಣ್ಣಗಳನ್ನು ಬೆರೆಸದೆ ತುಂಡುತುಂಡಾಗಿ ಪಕ್ಕಪಕ್ಕದಲ್ಲಿಟ್ಟು ನೋಡುವ ಕಣ್ಣಿನಲ್ಲಿ ಬೆರೆಯಲು ಬಿಡುವುದನ್ನೂ ರೂಢಿಸಿಕೊಂಡಿದ್ದರು. ವ್ಯಾನ್ ಗೋ ಅದಕ್ಕೆ ಇಂಪಾಸ್ಟೊ, ಅಂದರೆ ಕುಂಚದ ಗೀಟು ಎದ್ದು ಕಾಣುವಷ್ಟು ದಪ್ಪನಾದ ಬಣ್ಣವನ್ನು ಸೇರಿಸಿದನು. ಬೆಂಗಳೂರಿನಲ್ಲಿ ಇದಕ್ಕೆ ತಕ್ಕ ವಸ್ತು ಕಂಡವರು ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕಾರಣಗಳಲ್ಲಿ ವರ್ಷಗಳನ್ನು ಕಳೆದು 1960ರ ದಶಕದಲ್ಲಿ ಕುಂಚಕ್ಕೆ ಮರಳಿದ ಅವರು, ಹೂಬಿಟ್ಟ ಗುಲ್‌ಮೊಹರ್, ಜಕರಂಡ ಮರಗಳ ಎದುರಿಗೇ ನಿಂತು, ಎಲೆ ಕಾಣದಂತೆ ಹೂ ತುಂಬಿದ ಕೊಂಬೆಯನ್ನು ಕೆಂಪು, ಕಿತ್ತಳೆ, ನೇರಳೆಯ ಸಣ್ಣ ಗೀಟುಗಳಿಂದಲೇ ಕಟ್ಟಿದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಪ್ಯಾರಿಸಿಗೇ ಹೋಗಿ 1949-50ರಲ್ಲಿ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರೂ, ಅವರ ಹೆಸರು ನಿಂತಿರುವುದು ಹೆಚ್ಚಾಗಿ ನರ್ತಕರ ಲಯವನ್ನು ಕೆಲವೇ ಎಳೆತಗಳಲ್ಲಿ ಹಿಡಿದ ರೇಖೆಯ ಮೇಲೆ.

ಯುರೋಪಿನಿಂದ ಬಂದು ಇಲ್ಲಿಯೇ ನಿಂತವರಲ್ಲಿ ಸ್ವೆತೊಸ್ಲಾವ್ ರೋರಿಕ್ ಮುಖ್ಯರು. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, 1945ರಲ್ಲಿ ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ ಅವರು ತೈಲವರ್ಣದ ಜೊತೆಗೆ ಟೆಂಪೆರಾವನ್ನೂ ಬಳಸಿದರು. ಮೊಟ್ಟೆಯ ಹಳದಿ ಅಥವಾ ಅಂತಹ ಅಂಟಿನಲ್ಲಿ ಕಲಸುವ, ಬೇಗ ಒಣಗಿ ಹೊಳಪಿಲ್ಲದೆ ನಿಲ್ಲುವ ಟೆಂಪೆರಾ, ತೈಲವರ್ಣಕ್ಕಿಂತ ಹಳೆಯದು. ರಷ್ಯದ ಚರ್ಚುಗಳ ಹಳೆಯ ಪೂಜಾಚಿತ್ರಗಳು ಹೆಚ್ಚಾಗಿ ಅದರಲ್ಲಿಯೇ ಬರೆದವು. ರೋರಿಕರ ಚಿತ್ರಗಳ ಸಪಾಟಾದ ಕೆಂಪು, ಕೇಸರಿ ಆಕಾಶಗಳಿಗೂ ಗಟ್ಟಿ ಹೊರಗೆರೆಗೂ ಈ ಹಿನ್ನೆಲೆಯಿದೆ. ಅವರು 1993ರಲ್ಲಿ, ದೇವಿಕಾರಾಣಿಯವರು ಮರುವರ್ಷ ತೀರಿಕೊಂಡರು. ಎಸ್ಟೇಟನ್ನು ಕರ್ನಾಟಕ ಸರ್ಕಾರ ಕಾನೂನು ಮಾಡಿ ವಹಿಸಿಕೊಂಡದ್ದನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಎತ್ತಿಹಿಡಿಯಿತು. ಚಿತ್ರಗಳಲ್ಲಿ ಹಲವು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ರೋರಿಕ್ ಗ್ಯಾಲರಿಯಲ್ಲಿವೆ.