ಕೋವಿಡ್‌ನಲ್ಲಿ ಘ್ರಾಣನಷ್ಟ: ನರಕೋಶದ ಸಾವೇ, ಆಸರೆಕೋಶದ ಕುಸಿತವೇ?

ಸಾಮಾನ್ಯ ನೆಗಡಿಯಲ್ಲಿ ಮೂಗಿನ ಒಳಪೊರೆ ಊದಿ, ಸಿಂಬಳ ಕಟ್ಟಿ, ಗಂಧಕಣಗಳು ಮೇಲಿನ ಘ್ರಾಣಪೊರೆಯನ್ನು ಮುಟ್ಟದಂತಾಗುವುದು ವಿವಾದವಿಲ್ಲದ ಸಂಗತಿ. ಕೋವಿಡ್‌ನಲ್ಲಾದರೋ ಮೂಗು ಕಟ್ಟದೆಯೇ ವಾಸನೆ ಹೋಗುತ್ತಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ ಇದನ್ನು ರೋಗಲಕ್ಷಣವೆಂದು ಪರಿಗಣಿಸಿತು.

ಮೃತರ ಘ್ರಾಣಪೊರೆಯಲ್ಲೂ ಮಿದುಳಿನಲ್ಲೂ ವೈರಸ್ಸಿನ ಕುರುಹು ಕಂಡ ಮೈನ್‌ಹಾರ್ಟ್ ಮತ್ತು ಸಂಗಡಿಗರು, ಅದು ಮಿದುಳನ್ನು ಹೊಗುವ ಬಾಗಿಲು ಘ್ರಾಣಪೊರೆಯೇ ಇರಬಹುದೆಂದು ವಾದಿಸಿದರು. ಅದರಿಂದ ನರಕೋಶಗಳೇ ಸತ್ತು ವಾಸನೆ ಹೋಗುತ್ತದೆಂಬ ಊಹೆಗೆ ಬಲ ಬಂದಿತು. ಆದರೆ ವೈರಸ್ ಅಂಟಿಕೊಳ್ಳುವ ಎಸಿಇ2 ಎಂಬ ಗ್ರಾಹಕವು ನರಕೋಶಗಳಲ್ಲಲ್ಲ, ಅವುಗಳನ್ನು ಸುತ್ತುವರಿದು ಪೋಷಿಸುವ ಆಸರೆಕೋಶಗಳಲ್ಲಿ ಇದೆಯೆಂದು ಬ್ರಾನ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು. 2021ರಲ್ಲಿ ಖಾನ್ ಮತ್ತು ಸಂಗಡಿಗರು ಮೃತರಿಂದ ಪಡೆದ ಮಾದರಿಗಳಲ್ಲೂ ಸೋಂಕು ಮುಖ್ಯವಾಗಿ ಆಸರೆಕೋಶಗಳಲ್ಲಿಯೇ ಕಂಡುಬಂದಿತು. ಕಾಲಮಾನವೂ ಇದನ್ನೇ ಬೆಂಬಲಿಸುತ್ತದೆ: ಹೊಸ ನರಕೋಶ ಬಲಿತು ಕೆಲಸಕ್ಕೆ ನಿಲ್ಲಲು ವಾರಗಳೇ ಬೇಕಿರುವಾಗ, ಅನೇಕರಿಗೆ ಒಂದೆರಡು ವಾರಗಳಲ್ಲೇ ವಾಸನೆ ಮರಳಿದ್ದನ್ನು ನರಕೋಶಗಳ ಸಾಮೂಹಿಕ ನಾಶದಿಂದ ವಿವರಿಸುವುದು ಕಷ್ಟ.

ಒಣಮೆಣಸಿನಕಾಯಿಯ ಘಾಟು ಅಡುಗೆಮನೆಯ ನಿತ್ಯದ ಸಂಗತಿಯಾದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಯಲ್ಲಿ ಈ ಚರ್ಚೆಗೆ ಇನ್ನೊಂದು ಮಗ್ಗುಲಿದೆ. ಒಣಮೆಣಸಿನಕಾಯಿ ಹುರಿದಾಗ ಎದ್ದು ಕೆಮ್ಮು ತರಿಸುವ ಘಾಟನ್ನು ಮೂಗಿನಲ್ಲಿ ಗ್ರಹಿಸುವುದು ಘ್ರಾಣನರವಲ್ಲ, ಮುಖದ ಸ್ಪರ್ಶ, ಉರಿಗಳನ್ನು ತಿಳಿಸುವ ಐದನೆಯ ಕಪಾಲನರ. ವಾಸನೆಯೆಲ್ಲ ಅಳಿದವರೂ ಒಗ್ಗರಣೆಯ ಮುಂದೆ ಕೆಮ್ಮಬಲ್ಲರು. ಆದ್ದರಿಂದ ಘಾಟು ತಾಗಿದ್ದನ್ನೇ ಮೂಗು ನೆಟ್ಟಗಿರುವುದಕ್ಕೆ ಸಾಕ್ಷಿಯೆಂದರೆ ನಷ್ಟ ಮರೆಯಾಗಿ ಉಳಿಯುತ್ತದೆ. ಸ್ವಂತ ಹೇಳಿಕೆಯನ್ನಷ್ಟೇ ನಂಬಿದ ಎಣಿಕೆಗಳಲ್ಲಿ ಇಂಥ ಸೀಮೆಯ ಘ್ರಾಣನಷ್ಟ ಕಡಿಮೆಯಾಗಿ ದಾಖಲಾಗಿರಬಹುದೆಂಬುದು ಪ್ರಸ್ತುತ ಲೇಖನದ ಸೂಚನೆ. ಇದು ಅಳತೆಯಿಂದ ಸಿದ್ಧವಾದುದಲ್ಲ, ತರ್ಕದಿಂದ ಬಂದುದು. ಕೋವಿಡ್ ಪೀಡಿತರಲ್ಲಿ ಉರಿ, ತಂಪಿನ ಸಂವೇದನೆಯೂ ಕುಗ್ಗಬಲ್ಲದೆಂದು 2020ರ ಅಂತರರಾಷ್ಟ್ರೀಯ ಸಮೀಕ್ಷೆ ಹೇಳಿರುವುದರಿಂದ, ಘಾಟು ಎಲ್ಲರಲ್ಲೂ ಅಖಂಡವಾಗಿ ಉಳಿಯುತ್ತದೆಂದು ಭಾವಿಸುವಂತಿಲ್ಲ. ಹಾಗಿದ್ದರೂ ಪರೀಕ್ಷೆಗೆ ಮೆಣಸಿನಕಾಯಿಗಿಂತ, ಕರ್ಪೂರಕ್ಕಿಂತ, ಘಾಟಿಲ್ಲದ ಗುಲಾಬಿಯೇ ಲೇಸು.

ಉಳ್ಳಾಗಡ್ಡಿ ಹುರಿದ ವಾಸನೆ ತಿಂಗಳುಗಟ್ಟಲೆ ಕೊಳೆತಂತೆ ತೋರುವ ವಿಕೃತಘ್ರಾಣವನ್ನು ಆಸರೆಕೋಶದ ಸಿದ್ಧಾಂತವೊಂದೇ ಬಿಡಿಸಲಾರದು. ಸೋಂಕು ತಗುಲದ ನರಕೋಶಗಳಲ್ಲೂ ಗಂಧಗ್ರಾಹಕಗಳ ವಂಶವಾಹಿಗಳು ಸದ್ದಡಗುತ್ತವೆಂದು 2022ರಲ್ಲಿ ಜಾಝಿಟ್ಸ್ಕಾ ಮತ್ತು ಸಂಗಡಿಗರು ತೋರಿಸಿದ್ದಾರಾದರೂ, ಕೆಲವರಲ್ಲಷ್ಟೇ ಅದು ದೀರ್ಘಕಾಲ ಉಳಿಯುವುದೇಕೆ ಎಂಬುದು ಇನ್ನೂ ತೆರೆದ ಪ್ರಶ್ನೆ.