ಉಪ್ಪನ ಲೆದರ್ ಜಾಕೆಟ್ ಮತ್ತು ಫಿಟ್ಟಿಂಗಿನ ಚರಿತ್ರೆ

ಅಕ್ಕನ ಮಗ ಪ್ಲಸ್ ಟು ಓದುತ್ತಿದ್ದಾನೆ. ಕಳೆದ ರಜೆಯಲ್ಲಿ ಉಪ್ಪಳದ ನಮ್ಮ ಮನೆಗೆ ಬಂದವನು ಅಟ್ಟದ ಸೂಟ್‌ಕೇಸಿನಿಂದ ಒಂದು ಕಪ್ಪು ಲೆದರ್ ಜಾಕೆಟ್ ಎಳೆದು ತಂದ. ಅದು ಅವನ ಅಜ್ಜನದ್ದು, ಅಂದರೆ ನನ್ನ ಉಪ್ಪನದ್ದು. 1987ರಲ್ಲಿ ನಮ್ಮ ಮಾಮ ಶಾರ್ಜಾದಿಂದ ತಂದುಕೊಟ್ಟದ್ದು. ಹುಡುಗ ತೋಳು ತೂರಿಸಿ ಕನ್ನಡಿ ಎದುರು ನಿಂತ. ಮುಖ ಸಣ್ಣದಾಯಿತು.

"ಇದು ಟೈಟ್ ಉಂಟಲ್ಲ ಮಾಮ. ಆ ಕಾಲದ ಜಾಕೆಟ್ ಎಲ್ಲ ಲೂಸ್ ಅಂತೆ. ಈಗ ಅದೇ ಫ್ಯಾಶನ್."

ಮೊದಲು ಲೂಸೇ ಇತ್ತು. ಟೈಟ್ ಮಾಡಿಸಿದವನು ನಾನು, 2008ರಲ್ಲಿ, ಡಿಪ್ಲೊಮಾದ ಕೊನೆಯ ವರ್ಷ. ಆ ಕಥೆ ಆಮೇಲೆ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೊಮ್ಮೆ ಲೂಸ್, ಮತ್ತೆ ಟೈಟ್, ಮತ್ತೆ ಲೂಸ್, ಇದನ್ನು ಯಾರು ತೀರ್ಮಾನ ಮಾಡುವುದು ಎಂದು ನಾನು ಅಂದಿನಿಂದ ಓದುತ್ತಾ ಹೋದೆ. ಓದಿದ್ದರಲ್ಲಿ ಸ್ವಲ್ಪ ಇಲ್ಲಿ ಬರೆಯುತ್ತಿದ್ದೇನೆ.

ಮೆಕ್ಯಾನಿಕಲ್ ಓದಿದವರಿಗೆ ಫಿಟ್ ಅಂದರೆ ಶಾಫ್ಟ್ ಮತ್ತು ತೂತು. ಶಾಫ್ಟ್ ತೂತಿಗಿಂತ ಸಣ್ಣದಿದ್ದರೆ ಕ್ಲಿಯರೆನ್ಸ್ ಫಿಟ್, ಸಲೀಸಾಗಿ ತಿರುಗುತ್ತದೆ. ದೊಡ್ಡದಿದ್ದರೆ ಇಂಟರ್‌ಫೆರೆನ್ಸ್ ಫಿಟ್, ಒತ್ತಿ ಕೂರಿಸಬೇಕು, ಮತ್ತೆ ಅಲುಗುವುದಿಲ್ಲ. ಇವೆರಡರಲ್ಲಿ ಯಾವುದು ಸರಿ ಎಂದು ವರ್ಕ್‌ಶಾಪಿನಲ್ಲಿ ಯಾರೂ ಕೇಳುವುದಿಲ್ಲ. ಎಂತದ್ದಕ್ಕೆ ಎಂದು ಕೇಳುತ್ತಾರೆ. ಲೆದರ್ ಜಾಕೆಟ್ ಕೂಡ ಹಾಗೆಯೇ ಶುರುವಾಯಿತು.

1931ರ ಮೇ ತಿಂಗಳಲ್ಲಿ ಅಮೆರಿಕದ ಸೇನೆ ತನ್ನ ವಿಮಾನ ಚಾಲಕರಿಗೆ ಎ-2 ಎಂಬ ಜಾಕೆಟ್ ಗೊತ್ತು ಮಾಡಿತು. ಹೆಚ್ಚಿನವು ಕುದುರೆ ಚರ್ಮದವು. ಸೊಂಟಕ್ಕೆ ಮತ್ತು ಮಣಿಕಟ್ಟಿಗೆ ಹೆಣೆದ ಉಣ್ಣೆಯ ಪಟ್ಟಿ. ಒಳಗೆ ಒಂದು ಶರ್ಟ್ ಹಿಡಿಸುವಷ್ಟೇ ಜಾಗ. ಕಾಕ್‌ಪಿಟ್ ಇಕ್ಕಟ್ಟು, ಕೂತವನಿಗೆ ಹೊಟ್ಟೆಯ ಹತ್ತಿರ ಚರ್ಮ ಮುದ್ದೆಯಾಗಬಾರದು, ಹಾಗಾಗಿ ಉದ್ದವೂ ಕಡಿಮೆ. ಆಗಿನ ಪ್ಯಾಂಟ್ ಹೊಕ್ಕುಳಿನವರೆಗೆ ಬರುತ್ತಿದ್ದುದರಿಂದ ಜಾಕೆಟ್ ಗಿಡ್ಡ ಎಂದು ಯಾರಿಗೂ ಅನಿಸಲಿಲ್ಲ. ಇವತ್ತು ಅದೇ ಅಳತೆಯದನ್ನು ಕೆಳಗೆ ಇಳಿದ ಜೀನ್ಸಿನ ಮೇಲೆ ಹಾಕಿದರೆ ಯಾರದೋ ತಮ್ಮನ ಜಾಕೆಟ್ ಹಾಕಿದ ಹಾಗೆ ಕಾಣುತ್ತದೆ.

ಆದರೆ ಅದೇ ಸೇನೆಯ ಬಾಂಬರ್ ವಿಮಾನದವರಿಗೆ ಕೊಟ್ಟದ್ದು ಬಿ-3. ಕುರಿಯ ಉಣ್ಣೆ ಒಳಗೆ, ಚರ್ಮ ಹೊರಗೆ, ದೊಡ್ಡ ಕಾಲರು, ನೋಡಲು ಮೂಟೆ. ಎತ್ತರದಲ್ಲಿ ಚಳಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ ಇಳಿಯುತ್ತಿತ್ತು, ಅಲ್ಲಿ ಚಂದ ನೋಡುವವರು ಯಾರು? ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಶೂಟ್ ಖ್ಯಾತಿಯ ಲೆಸ್ಲಿ ಇರ್ವಿನ್ ಮಾಡಿಕೊಟ್ಟದ್ದೂ ಇಂಥದ್ದೇ. ಒಂದೇ ಯುದ್ಧ, ಒಂದೇ ಕೆಲಸದವರು, ಒಬ್ಬನಿಗೆ ಮೈಗಂಟಿದ ಜಾಕೆಟ್, ಇನ್ನೊಬ್ಬನಿಗೆ ದೊಗಲೆ.

ಬೈಕಿನವರ ಜಾಕೆಟ್ ಇನ್ನೂ ಹಳೆಯದು. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ಮಾಡಿದ 'ಪರ್ಫೆಕ್ಟೊ'ದ ಬೆಲೆ ಐದೂವರೆ ಡಾಲರ್. ಅದರ ಹೆಸರು ಒಂದು ಬಗೆಯ ಚುರುಟಿನದ್ದು. ಜಿಪ್ಪು ನಡುವೆ ಇಲ್ಲ, ಓರೆಯಾಗಿ ಒಂದು ಬದಿಗೆ ಹೋಗುತ್ತದೆ. ಟ್ಯಾಂಕಿನ ಮೇಲೆ ಬಗ್ಗಿದಾಗ ಎದೆಯ ಹತ್ತಿರ ಎರಡು ಪದರ ಚರ್ಮ ಗಾಳಿ ತಡೆಯುತ್ತದೆ. ತಲಪಾಡಿಯಿಂದ ಮಂಗಳೂರಿಗೆ ಬೈಕಿನಲ್ಲಿ ಗುಂಡಿ ಬಿಚ್ಚಿದ ಶರ್ಟ್ ಹಾಕಿಕೊಂಡು ಹೋದವರಿಗೆ ಇದು ಬಿಡಿಸಿ ಹೇಳುವುದು ಬೇಡ. ಲೂಸ್ ಇದ್ದರೆ ಬಲೂನಿನ ಹಾಗೆ ಉಬ್ಬಿ ಹಿಂದಕ್ಕೆ ಎಳೆಯುತ್ತದೆ. 1953ರಲ್ಲಿ 'ದಿ ವೈಲ್ಡ್ ಒನ್' ಸಿನಿಮಾದಲ್ಲಿ ಮಾರ್ಲನ್ ಬ್ರಾಂಡೊ ಇಂಥ ಜಾಕೆಟ್ ಹಾಕಿದ ಮೇಲೆ ಬೈಕ್ ಇಲ್ಲದವರಿಗೂ ಅದು ಬೇಕಾಯಿತು. ಬ್ರಿಟನ್ನಿನ ಸೆನ್ಸಾರ್ ಆ ಸಿನಿಮಾಕ್ಕೆ 1967ರವರೆಗೆ ಸರ್ಟಿಫಿಕೇಟನ್ನೇ ಕೊಡಲಿಲ್ಲ. ಗಾಳಿಗೋಸ್ಕರ ಟೈಟ್ ಮಾಡಿದ್ದು ಈಗ ಪೋಕರಿತನದ ಗುರುತು.

ಹಾಗಂತ ಟೈಟ್ ಮಾತ್ರ ಬಂಡಾಯ ಅಂತಲ್ಲ. ಇಲ್ಲಿ ಚರ್ಮ ಬಿಟ್ಟು ಬಟ್ಟೆಗೆ ಬರುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ 1942ರಲ್ಲಿ ಉಣ್ಣೆ ಬಟ್ಟೆಗೆ ಮಿತಿ ಹಾಕಿತು. ಅದೇ ಹೊತ್ತಿಗೆ ಮೆಕ್ಸಿಕನ್ ಮೂಲದ, ಕಪ್ಪು ಜನಾಂಗದ ಹುಡುಗರು ಮೊಣಕಾಲಿನ ಹತ್ತಿರ ಬರುವ ಕೋಟು, ಅಗಲ ಭುಜ, ದೊಗಲೆ ಪ್ಯಾಂಟಿನ 'ಜೂಟ್ ಸೂಟ್' ಹಾಕುತ್ತಿದ್ದರು. 1943ರ ಜೂನ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ನೌಕಾಪಡೆಯ ಸಿಪಾಯಿಗಳು ಬೀದಿ ಬೀದಿಯಲ್ಲಿ ಅವರನ್ನು ಹಿಡಿದು ಹೊಡೆದರು, ಬಟ್ಟೆ ಕಿತ್ತು ಹಾಕಿದರು. ನೆಪ ಏನು? ದೇಶಕ್ಕೆ ಬಟ್ಟೆಯ ಬರ ಇರುವಾಗ ಇವರು ತಮ್ಮ ಪಾಲಿಗಿಂತ ಹೆಚ್ಚು ಸುತ್ತಿಕೊಂಡಿದ್ದಾರೆ ಎಂಬುದು. ನಿಜವಾದ ಸಿಟ್ಟು ಬಟ್ಟೆಯ ಮೇಲೆ ಇರಲಿಲ್ಲ, ಹಾಕಿದವರ ಮೇಲೆ ಇತ್ತು. ಹುಡುಗರ ಉಡುಪು ನೋಡಿ ಊರು ಸಿಟ್ಟಾಗುವಾಗ ನನಗೆ ಈ ಸಂಗತಿ ನೆನಪಾಗುತ್ತದೆ.

ಶಾರ್ಜಾದ ಜಾಕೆಟ್ ಯಾಕೆ ಅಷ್ಟು ದೊಡ್ಡದಿತ್ತು ಎಂಬುದಕ್ಕೆ ಉತ್ತರ 1980ರ ದಶಕದಲ್ಲಿ ಉಂಟು. ಇಟಲಿಯ ಜಾರ್ಜಿಯೊ ಅರ್ಮಾನಿ ಕೋಟಿನ ಒಳಗಿನ ಗಟ್ಟಿ ಪದರಗಳನ್ನು ತೆಗೆದು ಅದನ್ನು ಸಡಿಲ ಬಿಟ್ಟಿದ್ದ. 1980ರ 'ಅಮೆರಿಕನ್ ಜಿಗೊಲೊ' ಸಿನಿಮಾದಿಂದ ಅದು ಜಗತ್ತಿಗೆ ತಿಳಿಯಿತು. 1983ರ ಕೊನೆಗೆ ಮೈಕಲ್ ಜಾಕ್ಸನ್ನನ 'ಥ್ರಿಲ್ಲರ್' ವಿಡಿಯೊ ಬಂತು. ಡೆಬೊರಾ ನಡೂಲ್‌ಮನ್ ಲ್ಯಾಂಡಿಸ್ ವಿನ್ಯಾಸ ಮಾಡಿದ ಆ ಕೆಂಪು ಲೆದರ್ ಜಾಕೆಟಿನ ಭುಜ ನೋಡಿ, ಒಣಕಲು ಮೈಯ ಜಾಕ್ಸನ್ ಅದರಲ್ಲಿ ಎರಡು ಪಟ್ಟು ಅಗಲ ಕಾಣುತ್ತಾನೆ. ಆ ವಿಡಿಯೊ ಕ್ಯಾಸೆಟ್ ಗಲ್ಫಿನಿಂದ ನಮ್ಮ ಮನೆಗಳಿಗೂ ಬಂದಿತ್ತು, ಹಿರಿಯರಿಗೆ ನೆನಪಿರಬಹುದು. ಮಾಮ ತಂದದ್ದು ಆ ಕಾಲದ ಮಾಲು: ಭುಜಕ್ಕೆ ಪ್ಯಾಡು, ಕೆಳಗೆ ಇಳಿದ ತೋಳು, ಬೆನ್ನಿನಲ್ಲಿ ಇನ್ನೊಬ್ಬ ಹಿಡಿಸುವಷ್ಟು ಜಾಗ.

ಆಮೇಲೆ ಗಾಳಿ ತಿರುಗಿತು. 2000ದ ನಂತರ ಪ್ಯಾರಿಸಿನಲ್ಲಿ ಎಡಿ ಸ್ಲಿಮಾನ್ ಡಿಯೋರ್ ಕಂಪನಿಗೆ ಕಡ್ಡಿಯಂಥ ಗಂಡಸರ ಉಡುಪು ಮಾಡಿದ. ಅದನ್ನು ಹಾಕಲೆಂದೇ ಹೆಸರಾಂತ ಡಿಸೈನರ್ ಕಾರ್ಲ್ ಲಾಗರ್‌ಫೆಲ್ಡ್ ನಲವತ್ತು ಕಿಲೊಗಿಂತ ಹೆಚ್ಚು ತೂಕ ಇಳಿಸಿದ. ನಮ್ಮ ಅಂಗಡಿಗೆ 'ಸ್ಲಿಮ್ ಫಿಟ್' ಎಂಬ ಲೇಬಲ್ ಬರುವಾಗ ಕೆಲವು ವರ್ಷ ಕಳೆದಿತ್ತು. ಬಟ್ಟೆಗೆ ಸ್ಪ್ಯಾಂಡೆಕ್ಸ್ ನೂಲು ಸೇರಿಸಿದ್ದರಿಂದ ಟೈಟ್ ಇದ್ದರೂ ಕೂರಲು ಏಳಲು ಆಗುತ್ತಿತ್ತು. ಚರ್ಮಕ್ಕೆ ಆ ಗುಣ ಇಲ್ಲ, ಎಳೆದರೆ ಎಳೆದಲ್ಲೇ ಉಳಿಯುತ್ತದೆ. ಇನ್ನು 2014ರಲ್ಲಿ ಶುರುವಾದ 'ವೆಟ್ಮಾ' ಕಂಪನಿ, ಅದರ ಡೆಮ್ನಾ 2015ರಲ್ಲಿ ಬಾಲೆನ್ಸಿಯಾಗಕ್ಕೆ ಹೋದದ್ದು, ಅಲ್ಲಿಂದ ಮತ್ತೆ ದೊಗಲೆಯ ಕಾಲ. ಅಕ್ಕನ ಮಗನಿಗೆ ಈ ಹೆಸರು ಯಾವುದೂ ಗೊತ್ತಿಲ್ಲ, ಆದರೂ ಅವನಿಗೆ ಬೇಕಾದದ್ದು ಅದೇ.

ಒಂದು ಮಾತು ಹುಡುಗರಿಗೆ. ಓವರ್‌ಸೈಜ್ ಅಂದರೆ ಎಂ ಬದಲು ಡಬಲ್ ಎಕ್ಸೆಲ್ ತೆಗೆದುಕೊಳ್ಳುವುದಲ್ಲ. ಭುಜದ ಹೊಲಿಗೆ ಬೇಕೆಂದೇ ತೋಳಿನ ಮೇಲೆ ಇಳಿದಿರುತ್ತದೆ, ಆರ್ಮ್‌ಹೋಲ್ ಆಳ ಇರುತ್ತದೆ, ಆದರೆ ಕೈಯ ಉದ್ದ ಹದದಲ್ಲಿ ಇರುತ್ತದೆ. ಲೂಸ್ ಇದ್ದರೆ ಕೈ ಆಡಿಸಲು ಸುಲಭ ಎಂಬುದೂ ಪೂರ್ತಿ ನಿಜವಲ್ಲ. ಆರ್ಮ್‌ಹೋಲ್ ಕೆಳಗಿದ್ದರೆ ಕೈ ಎತ್ತಿದಾಗ ಇಡೀ ಜಾಕೆಟ್ ಮೇಲೆ ಬರುತ್ತದೆ. ಸಂದಿಗೆ ಹತ್ತಿರ ಇದ್ದರೆ ತೋಳು ಮಾತ್ರ ಏಳುತ್ತದೆ. ಕೀಲು ಎಲ್ಲಿದೆಯೋ ತಿರುಗುವುದು ಅಲ್ಲಿಯೇ, ಅಷ್ಟೇ ಲೆಕ್ಕ. ಚರ್ಮವನ್ನು ಚದರಡಿಯಲ್ಲಿ ಮಾರುತ್ತಾರೆ ಎಂಬುದೂ ನೆನಪಿರಲಿ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆಯ ಟ್ಯಾನರಿಗಳಲ್ಲಿ ತಲೆಮಾರುಗಳಿಂದ ಮುಸ್ಲಿಂ ವ್ಯಾಪಾರಿಗಳು ಮಾಡುತ್ತಾ ಬಂದ ವ್ಯವಹಾರ ಅದು. ಕುರಿ ಚರ್ಮದ ಒಂದು ಜಾಕೆಟಿಗೆ ಐದಾರು ಚರ್ಮವಾದರೂ ಬೇಕು. ದೊಗಲೆ ಮಾಡಿದರೆ ಇನ್ನೂ ಹೆಚ್ಚು, ಎಲ್ಲದರ ಬಣ್ಣ ಮತ್ತು ದಪ್ಪ ಹೊಂದಬೇಕು. ಅಗ್ಗಕ್ಕೆ ಸಿಗುವ ಓವರ್‌ಸೈಜ್ ಜಾಕೆಟ್ ಹೆಚ್ಚಾಗಿ ರೆಕ್ಸಿನ್ ಆಗಿರುವುದು ಅದಕ್ಕೇ.

ಉಪ್ಪನ ಲೆಕ್ಕ ಬೇರೆ. ಅವರಿಗೆ ಸ್ಲಿಮ್ ಫಿಟ್ ಕಂಡರೆ ಆಗುತ್ತಿರಲಿಲ್ಲ. "ಟೈಟ್ ಬಟ್ಟೆಗೆ 36ರಿಂದ 44ರವರೆಗೆ ಎಲ್ಲ ಸೈಜ್ ಇಡಬೇಕು. ಲೂಸ್ ಬಟ್ಟೆ ಮೂರು ಸೈಜ್ ಇಟ್ಟರೆ ಊರೇ ಹಾಕುತ್ತದೆ" ಎನ್ನುತ್ತಿದ್ದರು. ಫ್ಯಾಶನ್ ಚರಿತ್ರೆ ಬರೆಯುವವರು ಅಂಗಡಿಯವನ ಈ ಮಾತನ್ನೂ ಕೇಳಬೇಕು ಎಂದು ನನ್ನ ಅಭಿಪ್ರಾಯ.

ಈಗ 2008ರ ಕಥೆ. ಕಾಲೇಜಿನ ಟೂರಿಗೆ ಊಟಿಗೆ ಹೊರಟಿದ್ದೆವು. ಜಾಕೆಟ್ ನನಗೆ ಗೋಣಿಚೀಲದ ಹಾಗೆ ಕಂಡಿತು. ಉಪ್ಪನನ್ನು ಕೇಳದೆ ಒಬ್ಬ ಟೈಲರಿಗೆ ಕೊಟ್ಟೆ. ಅವರು ಎರಡೂ ಬದಿಯಿಂದ ಎರಡೆರಡು ಇಂಚು ತೆಗೆದರು, ಭುಜ ಒಳಗೆ ತಂದರು, ಪ್ಯಾಡು ಕಿತ್ತರು. ನಾನು ಫೋಟೊದಲ್ಲಿ ಚಂದ ಕಂಡೆ. ಉಪ್ಪ ನೋಡಿ ಏನೂ ಹೇಳಲಿಲ್ಲ. ಆಮೇಲೆ ಅದು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಾ ಅಟ್ಟದಲ್ಲಿ ಉಳಿಯಿತು.

ಅಕ್ಕನ ಮಗನಿಗಾಗಿ ಅದನ್ನು ಮತ್ತೆ ಅಗಲ ಮಾಡಿಸಲು ಆಗುತ್ತದೋ ಎಂದು ಮಂಗಳೂರಿನಲ್ಲಿ ಲೆದರ್ ಬ್ಯಾಗ್ ರಿಪೇರಿ ಮಾಡುವವರಿಗೆ ತೋರಿಸಿದೆ. ಅವರು ಹೊಲಿಗೆಯನ್ನು ಸ್ವಲ್ಪ ಬಿಚ್ಚಿ ಬೆಳಕಿಗೆ ಹಿಡಿದರು. ಬಟ್ಟೆಯಲ್ಲಿ ಸೂಜಿಯ ತೂತು ಒಗೆದರೆ ಮುಚ್ಚುತ್ತದೆ, ಚರ್ಮದಲ್ಲಿ ಮುಚ್ಚುವುದಿಲ್ಲ. ಸಾಲಾಗಿ ತೂತು ಕಾಣುತ್ತಿತ್ತು. ತೆಗೆದ ತುಂಡು ಇದ್ದರೆ ನೋಡಬಹುದಿತ್ತು ಎಂದರು. ತುಂಡು ಎಲ್ಲಿ ಉಂಟು?

ಮನೆಗೆ ಬಂದು ಉಪ್ಪನಿಗೆ ಹೇಳಿದೆ. ಅವರು ಜಾಕೆಟ್ ಕೈಗೆ ತೆಗೆದುಕೊಂಡು ಎಡಬದಿಯ ಒಳಗೆ ಬೆರಳು ಹಾಕಿ ತಡಕಿದರು. ಲೈನಿಂಗ್ ಮಾತ್ರ ಇತ್ತು.

"ಇಲ್ಲಿ ಒಂದು ಜೇಬು ಇತ್ತು" ಎಂದರು. "ಉಮ್ಮ ಹೊಲಿದು ಕೊಟ್ಟದ್ದು."

ಸರಕು ತರಲು ಅವರು ಬೆಂಗಳೂರಿನ ಚಿಕ್ಕಪೇಟೆಗೆ ರಾತ್ರಿ ಬಸ್ಸಿನಲ್ಲಿ ಹೋಗುತ್ತಿದ್ದರು. ಹಬ್ಬದ ಮುಂಚೆ ಅಂಗಡಿಯ ಇಡೀ ಬಂಡವಾಳ ನೋಟಿನ ಕಟ್ಟಾಗಿ ಆ ಜೇಬಿನಲ್ಲಿ. ಶಿರಾಡಿ ಘಾಟಿಯ ಚಳಿಗೆ ಜಾಕೆಟ್ ಅಂತ ಎಲ್ಲರೂ ತಿಳಿದಿದ್ದರು. ಅಷ್ಟು ಲೂಸ್ ಇದ್ದುದರಿಂದ ಒಳಗಿನ ಕಟ್ಟು ಹೊರಗೆ ಉಬ್ಬಿ ಕಾಣುತ್ತಿರಲಿಲ್ಲ, ಅವರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದರು. ನಾನು ಟೈಲರಿಗೆ ಕೊಟ್ಟಾಗ ಆ ಜೇಬಿನ ಬಗ್ಗೆ ಕೇಳಿಯೂ ಇರಲಿಲ್ಲ.

ಹುಡುಗ ಕಳೆದ ತಿಂಗಳು ಆನ್‌ಲೈನಿನಲ್ಲಿ ಓವರ್‌ಸೈಜ್ ಜಾಕೆಟ್ ತರಿಸಿದ, ರೆಕ್ಸಿನಿನದ್ದು. ಉಪ್ಪ ಅದನ್ನು ಹಾಕಿ ನೋಡಿದರು. ಭುಜ ಸರಿಯಾಗಿ ಇಳಿದಿತ್ತು. ಎಡಬದಿಯ ಒಳಗೆ ಕೈ ಹಾಕಿ ತಡಕಿದರು, ಬಲಬದಿಯನ್ನೂ ನೋಡಿದರು.

"ಇಷ್ಟು ಲೂಸ್ ಮಾಡಿ ಒಂದು ಒಳಜೇಬೂ ಇಟ್ಟಿಲ್ಲವಲ್ಲ ಮೋನೆ" ಎಂದರು.