ಅಂಟು

ಕನ್ನಡದಲ್ಲಿ ‘ಅಂಟು’ ಕ್ರಿಯಾಪದವೂ ಹೌದು, ನಾಮಪದವೂ ಹೌದು. ತೆಲುಗಿನಲ್ಲೂ ಇದೇ ಪದ. ಬಾಣಂತಿಗೆ ಕೊಡುವ ಅಂಟಿನುಂಡೆ, ಅಂಟುವಾಳ, ಅಂಟುಜಾಡ್ಯ, ಬಿಡಿಸಲಾಗದ ಅಂಟುನಂಟು, ಎಲ್ಲ ಇದರ ಬಳಗ. ಬೆಂಗಳೂರಿನ ರಾಜಾಜಿನಗರದ ಬಡಗಿಯ ಬಾಯಲ್ಲಿ ಮಾತ್ರ ಅದು ಯಾವ ಕಂಪನಿಯದಾದರೂ ‘ಫೆವಿಕಾಲ್’: ನೀರಿನಲ್ಲಿ ತೇಲುವ ಪಾಲಿವಿನೈಲ್ ಅಸಿಟೇಟ್ ಕಣಗಳು. ಮರ ನೀರು ಹೀರಿದಂತೆ ಕಣಗಳು ಕೂಡಿಕೊಂಡು ಬಿಗಿಯುತ್ತವೆ.

ಇಂಥ ಗೊತ್ತಿರುವ ಎರಡು ಪಾಲಿಮರ್ ಬೆರೆಸಿದರೆ ಪೇಟೆಂಟ್ ಸಿಗುವಂಥ ಹೊಸ ಅಂಟೇ? 1970ರ ಪೇಟೆಂಟ್ ಕಾಯ್ದೆ ಬರೀ ಬೆರಕೆಯನ್ನು ಒಪ್ಪುವುದಿಲ್ಲ. ಕಸುಬು ಬಲ್ಲವರಿಗೆ ತಾನಾಗಿ ಹೊಳೆಯುವುದನ್ನೂ ಒಪ್ಪುವುದಿಲ್ಲ. ಜಗಳವೆಲ್ಲ ಆ ‘ತಾನಾಗಿ’ಯಲ್ಲೇ. ಬೆಂಗಳೂರಿನವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ತಿರಸ್ಕೃತವಾದರೆ, 2021ರಲ್ಲಿ ಅಂಥ ಮೇಲ್ಮನವಿ ಕೇಳುತ್ತಿದ್ದ ಮಂಡಳಿ ರದ್ದಾದ ಮೇಲೆ, ಹೈಕೋರ್ಟಿನ ಮೆಟ್ಟಿಲೇ ಹತ್ತಬೇಕು.